ಸ್ಟಬ್‌ಗೆ ಒಂದು ಚಿಲಕ: ಟೆಸ್ಟ್‌ಗಳಲ್ಲಿ ನೆಟ್‌ವರ್ಕ್ ಉತ್ತರ ಬರುವ ಹೊತ್ತನ್ನು ಹಿಡಿತಕ್ಕೆ ತರುವುದು

ಲೋಡಿಂಗ್ ಸ್ಪಿನ್ನರ್ ಕಾಣಿಸುತ್ತದೆಯೇ ಎಂದು ನೋಡುವ ಒಂದು ಟೆಸ್ಟ್ ಬರೆದಿದ್ದೀರಿ ಅಂದುಕೊಳ್ಳಿ. ಬಟನ್ ಒತ್ತಬೇಕು, ಸ್ಪಿನ್ನರ್ ಕಾಣಬೇಕು, ಪಟ್ಟಿ ಬಂದ ಮೇಲೆ ಸ್ಪಿನ್ನರ್ ಹೋಗಬೇಕು. ಇಷ್ಟೇ. ನಿಜವಾದ ಸರ್ವರ್‌ನ ಗೊಡವೆ ಬೇಡ ಎಂದು ಉತ್ತರವನ್ನು ಸ್ಟಬ್ ಮಾಡಿದ್ದೀರಿ, ಅಂದರೆ ಸರ್ವರ್ ಬದಲು ನೀವೇ ಬರೆದ ನಕಲಿ ಉತ್ತರ ಸಿಗುವಂತೆ ಮಾಡಿದ್ದೀರಿ. ಹತ್ತು ಸಲ ಓಡಿಸಿದರೆ ಎಂಟು ಸಲ ಪಾಸ್, ಎರಡು ಸಲ ಫೇಲ್.

ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಸ್ಟಬ್ ಮಾಡಿದ ಉತ್ತರಕ್ಕೆ ಯಾವ ದಾರಿಯನ್ನೂ ಸವೆಸಬೇಕಿಲ್ಲ. ಕೆಲವೇ ಮಿಲಿಸೆಕೆಂಡಿನಲ್ಲಿ ಬಂದುಬಿಡುತ್ತದೆ. ಟೆಸ್ಟ್ ಕಣ್ಣು ಬಿಡುವಷ್ಟರಲ್ಲಿ ಸ್ಪಿನ್ನರ್ ಬಂದು ಹೋಗಿರುತ್ತದೆ.

ಆಗ ಎಲ್ಲರೂ ಮಾಡುವ ಕೆಲಸ ಒಂದೇ. ಸ್ಟಬ್‌ಗೆ 500 ಮಿಲಿಸೆಕೆಂಡ್ ತಡ ಸೇರಿಸುವುದು. ನಾನೂ ಮಾಡಿದ್ದೇನೆ. ಒಂದು ಹಳೆಯ ಪ್ರಾಜೆಕ್ಟ್‌ನಲ್ಲಿ 500 ಇದ್ದದ್ದು 1000 ಆಯಿತು, ಆಮೇಲೆ 2500 ಆಯಿತು. ಯಾಕೆ 2500 ಎಂದು ಕೇಳಿದರೆ ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಅಷ್ಟಿಟ್ಟರೆ ಸಿಐನಲ್ಲಿ ಬೀಳಲ್ಲ" ಎನ್ನುವುದಷ್ಟೇ ಉತ್ತರ (ಸಿಐ ಎಂದರೆ ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿಯೇ ಓಡಿಸುವ ವ್ಯವಸ್ಥೆ). ಆ ಒಂದು ಟೆಸ್ಟ್ ನೋಡಿ ಇನ್ನೂ ನಾಲ್ಕಾರು ಜನ ಅದೇ ಸಂಖ್ಯೆಯನ್ನು ತಮ್ಮ ಟೆಸ್ಟ್‌ಗೆ ಅಂಟಿಸಿಕೊಂಡಿದ್ದರು.

ಈ ಸಂಖ್ಯೆಯ ಜೂಜಿನಿಂದ ಹೊರಬರುವ ದಾರಿ ಇದೆ. ಹೆಚ್ಚು ಕೋಡ್ ಕೂಡ ಬೇಕಿಲ್ಲ.

ಮೊದಲು ಈ ಪ್ರಶ್ನೆ ಕೇಳಿ: ನಿಮಗೆ ಬೇಕಿರುವುದು ಸಮಯವೋ, ಕ್ರಮವೋ?

ಮೇಲಿನ ಸ್ಪಿನ್ನರ್ ಟೆಸ್ಟ್ ನೋಡಿ. ಅದಕ್ಕೆ ಅರ್ಧ ಸೆಕೆಂಡು ಬೇಕಾಗಿಲ್ಲ. ಅದಕ್ಕೆ ಬೇಕಿರುವುದು ಒಂದು ಕ್ರಮ. ರಿಕ್ವೆಸ್ಟ್ ಹೋಗಬೇಕು, ಸ್ಪಿನ್ನರ್ ಇದೆಯೇ ಎಂದು ನಾವು ನೋಡಬೇಕು, ಆಮೇಲೆ ಮಾತ್ರ ಉತ್ತರ ಬರಬೇಕು. ನಾವು ನೋಡಲು 3 ಮಿಲಿಸೆಕೆಂಡ್ ಹಿಡಿಯಲಿ, 3 ಸೆಕೆಂಡ್ ಹಿಡಿಯಲಿ, ಕ್ರಮ ಕೆಡಬಾರದು.

ಕೆಲವು ಟೆಸ್ಟ್‌ಗಳಿಗೆ ನಿಜವಾಗಿಯೂ ಸಮಯವೇ ಬೇಕು. "ಹತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮತ್ತೆ ಪ್ರಯತ್ನಿಸಿ ಎಂದು ತೋರಿಸು" ಎನ್ನುವುದು ಅಂಥದ್ದು. ಟೈಪ್ ಮಾಡುವುದು ನಿಂತು 300 ಮಿಲಿಸೆಕೆಂಡ್ ಆದ ಮೇಲೆ ಹುಡುಕು ಎನ್ನುವ ಡಿಬೌನ್ಸ್ ಕೂಡ ಅಂಥದ್ದೇ. ಆದರೆ ಇಲ್ಲಿ ಆ ಸಮಯವನ್ನು ಎಣಿಸುತ್ತಿರುವವರು ಯಾರು? ನೆಟ್‌ವರ್ಕ್ ಅಲ್ಲ, ನಿಮ್ಮ ಅಪ್ಲಿಕೇಶನ್‌ನ ಒಳಗಿನ ಗಡಿಯಾರ. ಹಾಗಾಗಿ ಅಲ್ಲಿ ಹಿಡಿಯಬೇಕಾದದ್ದು ಆ ಗಡಿಯಾರವನ್ನು.

ನಾನು ನೋಡಿದ ಟೆಸ್ಟ್‌ಗಳಲ್ಲಿ ಮೊದಲನೆಯ ಬಗೆಯವೇ ಜಾಸ್ತಿ. ಅಲ್ಲಿಂದಲೇ ಶುರು ಮಾಡೋಣ.

ತಡ ಎಂಬ ಸಂಖ್ಯೆ ಎಲ್ಲಿ ಕೈಕೊಡುತ್ತದೆ

ತಡ ಸೇರಿಸುವ ಸೌಲಭ್ಯ ಹಲವು ಸಾಧನಗಳಲ್ಲಿ ಇದೆ. ಬ್ರೌಸರ್ ಟೆಸ್ಟ್ ಸಾಧನವಾದ ಸೈಪ್ರೆಸ್‌ನಲ್ಲಿ, ರಿಕ್ವೆಸ್ಟ್ ತಡೆಹಿಡಿಯುವ ಇಂಟರ್‌ಸೆಪ್ಟ್‌ಗೆ ಉತ್ತರದ ಜೊತೆಗೇ ಡಿಲೇ ಎಂಬ ಗುಣ ಕೊಡಬಹುದು. ನೆಟ್‌ವರ್ಕ್ ಉತ್ತರಗಳನ್ನು ಸ್ಟಬ್ ಮಾಡುವ ಲೈಬ್ರರಿ ಎಂಎಸ್‌ಡಬ್ಲ್ಯೂನಲ್ಲಿ ಡಿಲೇ ಎಂಬ ಫಂಕ್ಷನ್ನೇ ಇದೆ. ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಲೋಕದ ನಾಕ್, ಜಾವಾ ಲೋಕದ ವೈರ್‌ಮಾಕ್ ಎರಡರಲ್ಲೂ ಇಂಥದ್ದು ಉಂಟು.

ತೊಂದರೆ ಏನೆಂದರೆ, ಆ ಸಂಖ್ಯೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಒಂದು ಕಡೆ, ನಿಮ್ಮ ಅತಿ ನಿಧಾನದ ಸಿಐ ಯಂತ್ರ ಸ್ಪಿನ್ನರ್ ಹುಡುಕಲು ತೆಗೆದುಕೊಳ್ಳುವ ಸಮಯಕ್ಕಿಂತ ಅದು ಜಾಸ್ತಿ ಇರಬೇಕು. ಇನ್ನೊಂದು ಕಡೆ, ಟೆಸ್ಟ್ ಸಾಧನ ಕಾಯುವ ಗಡುವಿಗಿಂತ ಕಡಿಮೆ ಇರಬೇಕು. ಏನನ್ನೂ ಬದಲಿಸದಿದ್ದರೆ ಸೈಪ್ರೆಸ್ ಒಂದು ಕಮಾಂಡ್‌ಗೆ 4 ಸೆಕೆಂಡ್ ಕಾಯುತ್ತದೆ. ಇನ್ನೊಂದು ಬ್ರೌಸರ್ ಟೆಸ್ಟ್ ಸಾಧನ ಪ್ಲೇರೈಟ್‌ನ ಎಕ್ಸ್‌ಪೆಕ್ಟ್ 5 ಸೆಕೆಂಡ್ ಕಾಯುತ್ತದೆ. ಕಾಂಪೊನೆಂಟ್ ಟೆಸ್ಟ್‌ಗಳಲ್ಲಿ ಬಳಸುವ ಟೆಸ್ಟಿಂಗ್ ಲೈಬ್ರರಿಯ ವೇಟ್‌ಫಾರ್ ಕಾಯುವುದು ಬರೀ 1 ಸೆಕೆಂಡ್. ಅಂದರೆ ಟೆಸ್ಟಿಂಗ್ ಲೈಬ್ರರಿ ಬಳಸುವವರು 1000 ಎಂದು ತಡ ಬರೆದ ಕೂಡಲೇ ಇನ್ನೊಂದು ಗೋಡೆಗೆ ಡಿಕ್ಕಿ ಹೊಡೆದಂತೆ.

ಎಂಎಸ್‌ಡಬ್ಲ್ಯೂನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಡಿಲೇಗೆ ಯಾವ ಸಂಖ್ಯೆಯನ್ನೂ ಕೊಡದಿದ್ದರೆ, ಬ್ರೌಸರ್‌ನಲ್ಲಿ ಅದು 100ರಿಂದ 400 ಮಿಲಿಸೆಕೆಂಡ್ ನಡುವೆ ಏನೋ ಒಂದನ್ನು ಆರಿಸಿಕೊಳ್ಳುತ್ತದೆ. ನೋಡ್‌ನಲ್ಲಿ ಓಡುವಾಗ ಬರೀ 5 ಮಿಲಿಸೆಕೆಂಡ್. ಅದೇ ಹ್ಯಾಂಡ್ಲರ್ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಫಂಕ್ಷನ್) ಎರಡು ಕಡೆ ಎರಡು ಥರ ನಡೆದುಕೊಂಡರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಬೇಕೆಂದೇ ಹಾಗೆ ಮಾಡಿದ್ದು.

ಹಾಗೆಂದು ತಡದ ಸಂಖ್ಯೆ ಪೂರ್ತಿ ಕೆಟ್ಟದ್ದಲ್ಲ. ಸ್ಕ್ರೀನ್ ಹೇಗೆ ಕಾಣುತ್ತದೆ ಎಂದು ನೀವೇ ಕಣ್ಣಾರೆ ನೋಡುವಾಗ, ಡೆಮೊ ತೋರಿಸುವಾಗ ಅದೇ ಸರಿ. ಪಾಸ್, ಫೇಲ್ ಹೇಳಬೇಕಾದ ಟೆಸ್ಟ್‌ನಲ್ಲಿ ಮಾತ್ರ ಅದನ್ನು ನಂಬಬೇಡಿ.

ಚಿಲಕ ಮಾಡುವ ಬಗೆ

ಉಪಾಯ ಇದು. ಸ್ಟಬ್ ಉತ್ತರ ಕೊಡುವ ಮೊದಲು ಒಂದು ಪ್ರಾಮಿಸ್‌ಗಾಗಿ (ಮುಂದೆ ಸಿಗಲಿರುವ ಫಲಿತಾಂಶವನ್ನು ಸೂಚಿಸುವ ಜಾವಾಸ್ಕ್ರಿಪ್ಟ್ ವಸ್ತು) ಕಾಯಲಿ. ಆ ಪ್ರಾಮಿಸ್ ಅನ್ನು ರಿಸಾಲ್ವ್ ಮಾಡುವ, ಅಂದರೆ ಮುಗಿಸುವ, ಹಕ್ಕು ಟೆಸ್ಟ್‌ನ ಕೈಯಲ್ಲಿರಲಿ. ನಾನು ಇದನ್ನು ಚಿಲಕ ಎಂದು ಕರೆಯುತ್ತೇನೆ. ಒಳಗಿನವರು ತೆಗೆಯುವ ತನಕ ಹೊರಗಿನವರು ಬಾಗಿಲಲ್ಲೇ ನಿಂತಿರಬೇಕು, ಅಷ್ಟೇ.

ಮೊದಲ ಹೆಜ್ಜೆ: ಒಂದು ಖಾಲಿ ಪ್ರಾಮಿಸ್ ಮಾಡಿ, ಅದರ ರಿಸಾಲ್ವ್ ಫಂಕ್ಷನ್ನನ್ನು ಹೊರಗಿನ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಆ ವೇರಿಯಬಲ್‌ಗೆ "ತೆರೆ" ಎಂದು ಹೆಸರಿಡೋಣ. ಹೊಸ ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆಂದೇ ಪ್ರಾಮಿಸ್ ಡಾಟ್ ವಿತ್‌ರಿಸಾಲ್ವರ್ಸ್ ಇದೆ. ಅದು 2024ರ ಆವೃತ್ತಿಯಲ್ಲಿ ಭಾಷೆಗೆ ಸೇರಿತು, ನೋಡ್ 22ರಲ್ಲಿ ಸಿಗುತ್ತದೆ. ಹಳೆಯ ನೋಡ್ ಇದ್ದರೆ ಮೂರು ಸಾಲಿನಲ್ಲಿ ನೀವೇ ಬರೆದುಕೊಳ್ಳಬಹುದು.

ಎರಡನೆಯ ಹೆಜ್ಜೆ: ಸ್ಟಬ್‌ನ ಹ್ಯಾಂಡ್ಲರ್ ಒಳಗೆ ಆ ಪ್ರಾಮಿಸ್‌ಗಾಗಿ ಅವೈಟ್ ಮಾಡಿ (ಅದು ಮುಗಿಯುವ ತನಕ ಕಾಯಿರಿ), ಆಮೇಲೆ ಉತ್ತರ ಕೊಡಿ.

ಮೂರನೆಯ ಹೆಜ್ಜೆ: ಟೆಸ್ಟ್‌ನಲ್ಲಿ ಬಟನ್ ಒತ್ತಿ, ಸ್ಪಿನ್ನರ್ ಕಾಣುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಿ, ಆಮೇಲೆ "ತೆರೆ" ಎಂದು ಕರೆಯಿರಿ, ಕೊನೆಗೆ ಪಟ್ಟಿ ಬಂತೇ, ಸ್ಪಿನ್ನರ್ ಹೋಯಿತೇ ನೋಡಿ.

ಪ್ಲೇರೈಟ್‌ನಲ್ಲಿ ಇದನ್ನು ಬರೆಯುವುದು ನೀರು ಕುಡಿದಷ್ಟು ಸುಲಭ. ಪೇಜ್ ಡಾಟ್ ರೂಟ್‌ಗೆ ಕೊಡುವ ಹ್ಯಾಂಡ್ಲರ್ ಅಸಿಂಕ್ ಆಗಿರಬಹುದು. ಅದರೊಳಗೆ ಚಿಲಕಕ್ಕಾಗಿ ಅವೈಟ್ ಮಾಡಿ, ಆಮೇಲೆ ರೂಟ್ ಡಾಟ್ ಫುಲ್‌ಫಿಲ್ ಕರೆದರೆ ಮುಗಿಯಿತು. ಟೆಸ್ಟ್ ಕೋಡ್ ಮತ್ತು ಹ್ಯಾಂಡ್ಲರ್ ಎರಡೂ ಒಂದೇ ನೋಡ್ ಪ್ರಾಸೆಸ್‌ನಲ್ಲಿ ಓಡುವುದರಿಂದ ವೇರಿಯಬಲ್ ಹಂಚಿಕೊಳ್ಳುವುದಕ್ಕೆ ಏನೂ ಕಷ್ಟವಿಲ್ಲ.

ಸೈಪ್ರೆಸ್‌ನಲ್ಲೂ ಆಗುತ್ತದೆ. ಇಂಟರ್‌ಸೆಪ್ಟ್‌ನ ಹ್ಯಾಂಡ್ಲರ್ ಒಂದು ಪ್ರಾಮಿಸ್ ಹಿಂದಿರುಗಿಸಿದರೆ, ಅದು ಮುಗಿಯುವ ತನಕ ಸೈಪ್ರೆಸ್ ಆ ರಿಕ್ವೆಸ್ಟ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಹೆಚ್ಚೆಂದರೆ ಮೇಲೆ ಹೇಳಿದ ಕಮಾಂಡ್ ಗಡುವಾದ 4 ಸೆಕೆಂಡ್. ಇನ್ನೂ ಹೆಚ್ಚು ಬೇಕಿದ್ದರೆ ಆ ಗಡುವನ್ನು ಏರಿಸಬೇಕು. ಆದರೆ ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. ಸೈಪ್ರೆಸ್‌ನ ಕಮಾಂಡ್‌ಗಳು ಬರೆದ ಕೂಡಲೇ ಓಡುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತವೆ. ನಿಮ್ಮ "ತೆರೆ" ಮಾತ್ರ ಸಾಮಾನ್ಯ ಫಂಕ್ಷನ್. ಅದನ್ನು ಎರಡು ಕಮಾಂಡ್‌ಗಳ ನಡುವೆ ಸುಮ್ನೆ ಬರೆದರೆ, ಬಟನ್ ಒತ್ತುವುದಕ್ಕೂ ಮೊದಲೇ ಚಿಲಕ ತೆರೆದಿರುತ್ತದೆ. ಟೆಸ್ಟ್ ಮತ್ತೆ ಹಳೆಯ ಚಾಳಿಗೆ ಬೀಳುತ್ತದೆ, ನೀವು ಮಾತ್ರ ಸರಿ ಮಾಡಿದ್ದೇನೆ ಅಂದುಕೊಂಡಿರುತ್ತೀರಿ. ಹಾಗಾಗಿ ಸ್ಪಿನ್ನರ್ ಕಂಡ ಮೇಲೆ ಬರುವ ದೆನ್ ಒಳಗೇ "ತೆರೆ" ಕರೆಯಬೇಕು. ಆಗ ಅದೂ ಸಾಲಿನಲ್ಲಿ ನಿಲ್ಲುತ್ತದೆ.

ಯೂನಿಟ್ ಅಥವಾ ಕಾಂಪೊನೆಂಟ್ ಟೆಸ್ಟ್‌ಗಳಲ್ಲಿ, ಎಂಎಸ್‌ಡಬ್ಲ್ಯೂ ಇದ್ದರೆ ಹ್ಯಾಂಡ್ಲರ್ ಒಳಗೆ ಅದೇ ಅವೈಟ್. ಎಂಎಸ್‌ಡಬ್ಲ್ಯೂ ಇಲ್ಲದೆ ಫೆಚ್ (ರಿಕ್ವೆಸ್ಟ್ ಕಳಿಸುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಅನ್ನೇ ಸ್ಟಬ್ ಮಾಡಿದ್ದರೆ, ಆ ಸ್ಟಬ್ ನಿಮ್ಮ ಪ್ರಾಮಿಸ್ ಅನ್ನೇ ಹಿಂದಿರುಗಿಸಲಿ.

ಚಿಲಕಕ್ಕೆ ಎರಡು ಮುಖ ಬೇಕು

ಮೇಲಿನದು ಕೆಲಸ ಮಾಡುತ್ತದೆ. ಆದರೆ ಸ್ವಲ್ಪ ಬಳಸಿದ ಮೇಲೆ ಒಂದು ಕೊರತೆ ಕಾಣುತ್ತದೆ. ಉತ್ತರವನ್ನು ಯಾವಾಗ ಬಿಡಬೇಕು ಎಂದು ನಮಗೆ ಗೊತ್ತು. ರಿಕ್ವೆಸ್ಟ್ ಯಾವಾಗ ಬಾಗಿಲಿಗೆ ಬಂತು ಎಂದು ಮಾತ್ರ ಗೊತ್ತಿಲ್ಲ.

ಹಾಗಾಗಿ ಇನ್ನೊಂದು ಪ್ರಾಮಿಸ್ ಇಡಿ, ಅದಕ್ಕೆ "ಬಂತು" ಎಂದು ಹೆಸರು. ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ಅದು ರಿಸಾಲ್ವ್ ಆಗಲಿ. ಈಗ ಟೆಸ್ಟ್ "ಬಂತು" ಎನ್ನುವ ತನಕ ಕಾಯಬಹುದು, ಆಮೇಲೆ ಸ್ಕ್ರೀನ್ ನೋಡಬಹುದು, ಆಮೇಲೆ "ತೆರೆ" ಎನ್ನಬಹುದು. ಸೇವ್ ಬಟನ್ ಒತ್ತಿದ ಮೇಲೆ ಅದು ಡಿಸೇಬಲ್ ಆಗುತ್ತದೆಯೇ, ಎರಡು ಸಲ ಒತ್ತಿದರೆ ಎರಡು ರಿಕ್ವೆಸ್ಟ್ ಹೋಗುತ್ತದೆಯೇ ಎಂದು ನೋಡುವ ಟೆಸ್ಟ್‌ಗಳಿಗೆ ಇದು ತುಂಬಾ ಬೇಕಾಗುತ್ತದೆ.

ಪ್ಲೇರೈಟ್‌ನಲ್ಲಿ ವೇಟ್‌ಫಾರ್‌ರಿಕ್ವೆಸ್ಟ್ ಇದೇ ಕೆಲಸ ಮಾಡುತ್ತದೆ. ಅದರ ತಮ್ಮನಂತಿರುವ ವೇಟ್‌ಫಾರ್‌ರೆಸ್ಪಾನ್ಸ್ ಅನ್ನು ಮರೆತೂ ಇಲ್ಲಿ ಬಳಸಬೇಡಿ. ಚಿಲಕ ತೆರೆಯುವ ಮೊದಲು ಉತ್ತರಕ್ಕಾಗಿ ಅವೈಟ್ ಮಾಡಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುತ್ತಾರೆ. ಸೈಪ್ರೆಸ್‌ನಲ್ಲೂ ಅಲಿಯಾಸ್ (ಇಂಟರ್‌ಸೆಪ್ಟ್‌ಗೆ ನೀವು ಕೊಟ್ಟ ಅಡ್ಡಹೆಸರು) ಮೇಲೆ ವೇಟ್ ಮಾಡಿದರೆ ಇದೇ ಪಾಡು. ಅದು ರಿಕ್ವೆಸ್ಟ್ ಹೊರಡಲು 5 ಸೆಕೆಂಡ್, ಉತ್ತರ ಬರಲು 30 ಸೆಕೆಂಡ್ ಕಾಯುತ್ತದೆ. ಆದರೆ ಚಿಲಕದ ಪ್ರಾಮಿಸ್‌ಗೆ ಇರುವ ಗಡುವು ಅದಕ್ಕೂ ಮೊದಲೇ ಮುಗಿದು, ಮೌನವಾಗಿ ಕೂತಿದ್ದ ಟೆಸ್ಟ್ ಬೀಳುತ್ತದೆ. ಹೀಗೆ ಸ್ತಬ್ಧವಾದ ಟೆಸ್ಟ್ ಕಂಡರೆ ನಾನು ಮೊದಲು ಹುಡುಕುವುದು ಇದನ್ನೇ.

ಇದೇ ಜಾತಿಯ ಇನ್ನೊಂದು: ಪ್ಲೇರೈಟ್‌ನ ನೆಟ್‌ವರ್ಕ್‌ಐಡಲ್. 500 ಮಿಲಿಸೆಕೆಂಡ್ ಕಾಲ ಯಾವ ನೆಟ್‌ವರ್ಕ್ ಚಟುವಟಿಕೆಯೂ ಇರಬಾರದು ಎಂಬುದು ಅದರ ನಿಯಮ. ನೀವು ಒಂದು ರಿಕ್ವೆಸ್ಟ್ ಅನ್ನು ಬಾಗಿಲಲ್ಲಿ ನಿಲ್ಲಿಸಿದ್ದರೆ ಆ ಘಳಿಗೆ ಬರುವುದೇ ಇಲ್ಲ.

ಹಿಂದೆ ಹೊರಟದ್ದು ಮುಂದೆ ಬಂದರೆ

ಚಿಲಕದ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಒಂದು ಹುಡುಕು ಪೆಟ್ಟಿಗೆ ಇದೆ. ಬಳಕೆದಾರರು "ಮರ" ಎಂದು ಟೈಪ್ ಮಾಡುತ್ತಾರೆ, ಒಂದು ರಿಕ್ವೆಸ್ಟ್ ಹೋಗುತ್ತದೆ. ಮುಂದುವರಿದು "ಮರಳು" ಎಂದು ಮಾಡುತ್ತಾರೆ, ಎರಡನೆಯದು ಹೋಗುತ್ತದೆ. ಎರಡನೆಯದರ ಉತ್ತರ ಬೇಗ ಬರುತ್ತದೆ. ಮೊದಲನೆಯದರ ಉತ್ತರ ಎಲ್ಲೋ ಸುತ್ತಾಡಿ ತಡವಾಗಿ ಬರುತ್ತದೆ. ಈಗ ಪೆಟ್ಟಿಗೆಯಲ್ಲಿ "ಮರಳು" ಇದೆ, ಕೆಳಗಿನ ಪಟ್ಟಿಯಲ್ಲಿ ಮರಗಳಿವೆ. ಕೈಯಲ್ಲಿ ಟೆಸ್ಟ್ ಮಾಡಿದರೆ ಇದು ಸಿಗುವುದೇ ಕಷ್ಟ. ಬಳಕೆದಾರರಿಗೆ ಮಾತ್ರ ಸಿಗುತ್ತದೆ, ಅಲ್ವಾ?

ಒಂದಕ್ಕೆ 800, ಇನ್ನೊಂದಕ್ಕೆ 200 ಎಂದು ತಡ ಕೊಟ್ಟು ಇದನ್ನು ಬರೆಯಬಹುದು. ಬರೆದವರೂ ಇದ್ದಾರೆ. ಆದರೆ ಟೈಪ್ ಮಾಡುವ ಎರಡು ಹೆಜ್ಜೆಗಳ ನಡುವೆಯೇ ಯಂತ್ರ 600 ಮಿಲಿಸೆಕೆಂಡ್ ತಿಂದುಬಿಟ್ಟರೆ ಕ್ರಮ ತಿರುಗುಮುರುಗು ಆಗುವುದಿಲ್ಲ. ಆಗ ಟೆಸ್ಟ್ ಪಾಸ್ ಆಗುತ್ತದೆ, ದೋಷ ಅಲ್ಲೇ ಇರುತ್ತದೆ. ಬೀಳುವ ಟೆಸ್ಟ್‌ಗಿಂತ ಹೀಗೆ ಸುಳ್ಳು ಹೇಳುವ ಟೆಸ್ಟ್ ಅಪಾಯ.

ಚಿಲಕದಿಂದ ಹೀಗೆ ಮಾಡಿ. ಹ್ಯಾಂಡ್ಲರ್ ಬಂದ ಪ್ರತಿ ರಿಕ್ವೆಸ್ಟ್‌ಗೂ ಹೊಸ ಚಿಲಕ ಮಾಡಿ, ಹುಡುಕಿದ ಪದದ ಹೆಸರಿನಲ್ಲಿ ಒಂದು ಮ್ಯಾಪ್‌ನಲ್ಲಿ ಇಡಲಿ. ಎಷ್ಟನೆಯ ರಿಕ್ವೆಸ್ಟ್ ಎಂಬ ಎಣಿಕೆಯ ಮೇಲೆ ಇಡಬೇಡಿ. ನಾಳೆ ಯಾರೋ ಪುಟ ತೆರೆದ ಕೂಡಲೇ ಒಂದು ಖಾಲಿ ಹುಡುಕಾಟ ಕಳಿಸುವಂತೆ ಬದಲಿಸಿದರೆ ನಿಮ್ಮ ಎಣಿಕೆ ಎಲ್ಲ ಒಂದೊಂದು ಸ್ಥಾನ ಜರುಗುತ್ತದೆ. ಪದದ ಹೆಸರಿನಲ್ಲಿ ಇಟ್ಟರೆ ಆ ಚಿಂತೆಯಿಲ್ಲ.

ಆಮೇಲೆ ಟೆಸ್ಟ್ ಹೀಗೆ ಸಾಗುತ್ತದೆ. "ಮರ" ಟೈಪ್ ಮಾಡಿ, ಅದು ಬಂತು ಎನ್ನುವ ತನಕ ಕಾಯಿರಿ. "ಮರಳು" ಮಾಡಿ, ಅದೂ ಬಂತು ಎನ್ನುವ ತನಕ ಕಾಯಿರಿ. ಎರಡೂ ಈಗ ಬಾಗಿಲಲ್ಲಿ ನಿಂತಿವೆ. "ಮರಳು" ಚಿಲಕ ತೆರೆಯಿರಿ, ಪಟ್ಟಿಯಲ್ಲಿ ಸರಿಯಾದದ್ದು ಬಂತು ಎಂದು ನೋಡಿ. ಈಗ "ಮರ" ಚಿಲಕ ತೆರೆಯಿರಿ. ಪಟ್ಟಿ ಬದಲಾಗಬಾರದು.

ಸೈಪ್ರೆಸ್‌ನಲ್ಲಿ ಎರಡೂ ಬಂದವೇ ಎಂದು ಕಾಯಲು, ನಿಂತಿರುವ ರಿಕ್ವೆಸ್ಟ್‌ಗಳ ಅರೇಯನ್ನು ವ್ರ್ಯಾಪ್ ಮಾಡಿ ಅದರ ಉದ್ದ 2 ಆಗಬೇಕು ಎಂದು ಶುಡ್ ಹಾಕಿದರೆ ಸಾಕು. ಆಗುವ ತನಕ ಅದೇ ಮತ್ತೆ ಮತ್ತೆ ನೋಡುತ್ತದೆ.

ಕೊನೆಯ ವಾಕ್ಯ ಇದೆಯಲ್ಲ, "ಪಟ್ಟಿ ಬದಲಾಗಬಾರದು", ಅದೇ ಎಲ್ಲಕ್ಕಿಂತ ಕಷ್ಟದ್ದು. ಏನೋ ಆಗಲಿಲ್ಲ ಎಂದು ಯಾವಾಗ ನೋಡುವುದು? ಚಿಲಕ ತೆರೆದ ಮರುಕ್ಷಣ ನೋಡಿದರೆ ಹಳೆಯ ಉತ್ತರ ಇನ್ನೂ ಪುಟಕ್ಕೆ ತಲುಪಿರುವುದಿಲ್ಲ. ದೋಷ ಇದ್ದರೂ ಟೆಸ್ಟ್ ಪಾಸ್. ಹಾಗಾಗಿ ಹಳೆಯ ಉತ್ತರ ತಲುಪಿ, ಅಪ್ಲಿಕೇಶನ್ ಅದನ್ನು ಕೈಗೆತ್ತಿಕೊಂಡ ಮೇಲೆ ನೋಡಬೇಕು. ಪ್ಲೇರೈಟ್‌ನಲ್ಲಿ ಆ ರೆಸ್ಪಾನ್ಸ್ ಮುಗಿಯುವ ತನಕ ಕಾದು, ಪುಟದೊಳಗೆ ಒಂದೆರಡು ಆನಿಮೇಶನ್ ಫ್ರೇಮ್ ಕಳೆಯಲು ಬಿಟ್ಟು ನೋಡಬಹುದು. ಚಂದದ ಪರಿಹಾರವಲ್ಲ, ಆದರೆ ನಡೆಯುತ್ತದೆ. ನನ್ನನ್ನು ಕೇಳಿದರೆ ಈ ಬಗೆಯ ಟೆಸ್ಟ್ ಅನ್ನು ಬ್ರೌಸರ್ ಹಂತದಲ್ಲಿ ಬರೆಯದೆ ಕಾಂಪೊನೆಂಟ್ ಹಂತಕ್ಕೆ ಇಳಿಸುವುದು ಒಳ್ಳೆಯದು. ಅಲ್ಲಿ ಸ್ಟಬ್ ಮತ್ತು ಅಪ್ಲಿಕೇಶನ್ ಒಂದೇ ಪ್ರಾಸೆಸ್‌ನಲ್ಲಿರುತ್ತವೆ, ಉತ್ತರ ತಲುಪಿತೇ ಇಲ್ಲವೇ ಎಂಬ ಅನುಮಾನ ತುಂಬಾ ಕಡಿಮೆ.

ಯಾವ ಹಂತದಲ್ಲಿ ಬರೆದರೂ ಒಂದು ಪರೀಕ್ಷೆ ಬಿಡಬೇಡಿ. ಹಳೆಯ ಉತ್ತರವನ್ನು ತಳ್ಳಿಹಾಕುವ ಕೋಡ್ ಸಾಲನ್ನು ತಾತ್ಕಾಲಿಕವಾಗಿ ಅಳಿಸಿ, ಟೆಸ್ಟ್ ಅನ್ನು ಇಪ್ಪತ್ತು ಸಲ ಓಡಿಸಿ. ಇಪ್ಪತ್ತು ಸಲವೂ ಬೀಳಬೇಕು. ಹದಿನೆಂಟು ಸಲ ಬಿದ್ದರೆ ನಿಮ್ಮ ಟೆಸ್ಟ್ ಇನ್ನೂ ಬೇಗ ನೋಡುತ್ತಿದೆ ಎಂದರ್ಥ.

ಅಪ್ಲಿಕೇಶನ್ ಹಳೆಯ ರಿಕ್ವೆಸ್ಟ್ ಅನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡುತ್ತಿದ್ದರೆ ಕಥೆ ಸ್ವಲ್ಪ ಬೇರೆ. ಆಗ "ಮರ" ಉತ್ತರ ಪುಟಕ್ಕೆ ತಲುಪುವುದೇ ಇಲ್ಲ, ಅದಕ್ಕಾಗಿ ಕಾದರೆ ಟೆಸ್ಟ್ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ನೋಡಬೇಕಾದದ್ದು ರದ್ದಾಯಿತೇ ಎಂಬುದನ್ನು. ಕೈಯಿಂದ ಬರೆದ ಫೆಚ್ ಸ್ಟಬ್ ಆದರೆ ಅದಕ್ಕೆ ಬರುವ ಸಿಗ್ನಲ್ ಅನ್ನು ಇಟ್ಟುಕೊಂಡು, ಅದರ ಅಬಾರ್ಟೆಡ್ ನಿಜವಾಗಿದೆಯೇ ಎಂದು ನೋಡಿ. ಇಲ್ಲೊಂದು ಎಚ್ಚರಿಕೆ ಬೇಕು. ನಿಜವಾದ ಫೆಚ್ ರದ್ದಾದಾಗ ಅಬಾರ್ಟ್‌ಎರರ್ ಎಸೆಯುತ್ತದೆ. ಕೈಯಿಂದ ಬರೆದ ಸ್ಟಬ್ ಸಿಗ್ನಲ್ ಕಡೆ ತಿರುಗಿಯೂ ನೋಡದಿದ್ದರೆ, ಆ ದೋಷವನ್ನು ಹಿಡಿಯುವ ನಿಮ್ಮ ಕ್ಯಾಚ್ ಭಾಗ ಟೆಸ್ಟ್‌ನಲ್ಲಿ ಎಂದೂ ಓಡುವುದಿಲ್ಲ. ರದ್ದು ಮಾಡಿದ ಪ್ರತಿ ಸಲ ಬಳಕೆದಾರರಿಗೆ ಕೆಂಪು ಅಕ್ಷರದ ತಪ್ಪು ಸಂದೇಶ ಕಾಣಿಸುವ ಅಪ್ಲಿಕೇಶನ್‌ಗಳು ಹುಟ್ಟುವುದು ಹೀಗೇ.

ಸಮಯವೇ ಬೇಕಾದಾಗ ಗಡಿಯಾರವನ್ನು ಹಿಡಿಯಿರಿ

ಈಗ ಎರಡನೆಯ ಬಗೆ. ಡಿಬೌನ್ಸ್, ಟೈಮೌಟ್, ಮರುಪ್ರಯತ್ನ, "200 ಮಿಲಿಸೆಕೆಂಡ್ ಮೀರಿದರೆ ಮಾತ್ರ ಸ್ಪಿನ್ನರ್ ತೋರಿಸು" ಎಂಬಂಥವು. ಇಲ್ಲಿ ನೆಟ್‌ವರ್ಕ್ ಬಾಗಿಲಲ್ಲಿ ಚಿಲಕ ಹಾಕಿ, ಅಪ್ಲಿಕೇಶನ್‌ಗೆ ಒಂದು ನಕಲಿ ಗಡಿಯಾರ ಕಟ್ಟಿ. ಮುಳ್ಳು ತಿರುಗಿಸುವುದು ನೀವು.

ನಕಲಿ ಗಡಿಯಾರದ ಚಂದ ಇರುವುದು ಅಂಚುಗಳಲ್ಲಿ. 300ರ ಡಿಬೌನ್ಸ್‌ಗೆ ಗಡಿಯಾರವನ್ನು 299 ಮುಂದೆ ತಳ್ಳಿ, ಒಂದೂ ರಿಕ್ವೆಸ್ಟ್ ಹೋಗಿರಬಾರದು. ಇನ್ನೊಂದು ಮಿಲಿಸೆಕೆಂಡ್ ತಳ್ಳಿ, ಸರಿಯಾಗಿ ಒಂದು ಹೋಗಿರಬೇಕು. ನಿಜವಾದ ಗಡಿಯಾರದಲ್ಲಿ ಇಷ್ಟು ಖಚಿತವಾಗಿ ಹೇಳಲು ಸಾಧ್ಯವೇ ಇಲ್ಲ. ಹತ್ತು ಸೆಕೆಂಡಿನ ಟೈಮೌಟ್ ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ: ತಪ್ಪು ಸಂದೇಶ ಕಂಡ ಮೇಲೆ ಚಿಲಕ ತೆರೆದು ತಡವಾದ ಉತ್ತರವನ್ನು ಒಳಗೆ ಬಿಡಿ. ಸಂದೇಶದ ಮೇಲೆ ಪಟ್ಟಿ ಬಂದು ಕೂತರೆ ಒಂದು ದೋಷ ಸಿಕ್ಕಿತು.

ಸೈಪ್ರೆಸ್‌ನಲ್ಲಿ ಇದಕ್ಕೆ ಕ್ಲಾಕ್ ಮತ್ತು ಟಿಕ್. ಯೂನಿಟ್ ಟೆಸ್ಟ್ ಓಡಿಸುವ ಸಾಧನಗಳಾದ ಜೆಸ್ಟ್ ಮತ್ತು ವೈಟೆಸ್ಟ್‌ನಲ್ಲಿ ಫೇಕ್ ಟೈಮರ್ಸ್. ಪ್ಲೇರೈಟ್‌ಗೆ 1.45ನೇ ಆವೃತ್ತಿಯಲ್ಲಿ ಪೇಜ್ ಡಾಟ್ ಕ್ಲಾಕ್ ಬಂತು. ಪ್ಲೇರೈಟ್‌ನದ್ದರಲ್ಲಿ ಎರಡು ವಿಷಯ ನೆನಪಿಡಿ. ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಗಡಿಯಾರ ನಿಲ್ಲುವುದಿಲ್ಲ, ಎಂದಿನಂತೆ ಓಡುತ್ತಲೇ ಇರುತ್ತದೆ. ನಿಲ್ಲಿಸಲು ಪಾಸ್‌ಅಟ್ ಬೇಕು. ಇನ್ನು ಫಾಸ್ಟ್‌ಫಾರ್ವರ್ಡ್ ಎಂದರೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಆಮೇಲೆ ತೆರೆದ ಹಾಗೆ. ಆ ನಡುವೆ ಬರಬೇಕಿದ್ದ ಟೈಮರ್‌ಗಳು ಹೆಚ್ಚೆಂದರೆ ಒಂದೊಂದು ಸಲ ಓಡುತ್ತವೆ. 1 ಸೆಕೆಂಡ್, 2 ಸೆಕೆಂಡ್, 4 ಸೆಕೆಂಡ್ ಎಂದು ಬೆಳೆಯುವ ಮರುಪ್ರಯತ್ನದ ಸರಪಳಿಗೆ ರನ್‌ಫಾರ್ ಸರಿ, ಅದನ್ನೂ ಒಂದೊಂದು ಹೆಜ್ಜೆಯಾಗಿ ತಳ್ಳುವುದು ಇನ್ನೂ ಸರಿ. ಮರುಪ್ರಯತ್ನದ ಕಾಲಕ್ಕೆ ಒಂದಿಷ್ಟು ರ‍್ಯಾಂಡಮ್ ಸೇರಿಸಿದ್ದರೆ ಆ ರ‍್ಯಾಂಡಮ್ ಅನ್ನೂ ಸ್ಟಬ್ ಮಾಡಬೇಕಾಗುತ್ತದೆ.

ಇನ್ನು ಎಡವುವ ಜಾಗಗಳು. ಇವು ನನ್ನ ಎಷ್ಟೋ ಸಂಜೆಗಳನ್ನು ತಿಂದಿವೆ.

ನಕಲಿ ಗಡಿಯಾರ ಮತ್ತು ತಡದ ಸಂಖ್ಯೆ ಎರಡನ್ನೂ ಒಂದೇ ಪ್ರಾಸೆಸ್‌ನಲ್ಲಿ ಬೆರೆಸಬೇಡಿ. ನೋಡ್‌ನಲ್ಲಿ ಓಡುವ ಎಂಎಸ್‌ಡಬ್ಲ್ಯೂನ ಡಿಲೇ ಕೂಡ ಸೆಟ್‌ಟೈಮೌಟ್ (ಇಷ್ಟು ಹೊತ್ತಾದ ಮೇಲೆ ಓಡಿಸು ಎನ್ನುವ ಫಂಕ್ಷನ್) ಮೇಲೆಯೇ ನಿಂತಿದೆ. ಗಡಿಯಾರ ನಿಲ್ಲಿಸಿದರೆ ಸ್ಟಬ್ ಕೂಡ ನಿಂತುಬಿಡುತ್ತದೆ, ಉತ್ತರ ಬರುವುದೇ ಇಲ್ಲ. ಚಿಲಕ ಬರೀ ಪ್ರಾಮಿಸ್ ಆದ್ದರಿಂದ ಅದಕ್ಕೆ ಗಡಿಯಾರದ ಹಂಗಿಲ್ಲ. ಸೈಪ್ರೆಸ್‌ನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ತಡ ನಡೆಯುವುದು ಅಪ್ಲಿಕೇಶನ್‌ನ ಹೊರಗೆ.

ಗಡಿಯಾರವನ್ನು ತಳ್ಳಿದ ಕೂಡಲೇ ಪ್ರಾಮಿಸ್‌ಗಳು ಮುಗಿದಿರುವುದಿಲ್ಲ. ಟೈಮರ್ ಓಡಿತು, ಅದು ಫೆಚ್ ಕರೆಯಿತು, ಆ ಫೆಚ್‌ನ ಮುಂದಿನ ದೆನ್‌ಗಳು ಮೈಕ್ರೋಟಾಸ್ಕ್ ಸಾಲಿನಲ್ಲಿ ಕಾಯುತ್ತಿರುತ್ತವೆ. ಅದಕ್ಕೇ ಅಡ್ವಾನ್ಸ್‌ಟೈಮರ್ಸ್‌ಬೈಟೈಮ್‌ನ ಅಸಿಂಕ್ ರೂಪ ಬಳಸಿ, ಅವೈಟ್ ಮಾಡಿ. ಜೆಸ್ಟ್‌ನಲ್ಲಿ ಅದು 29.5ರಿಂದ ಇದೆ.

ಟೆಸ್ಟಿಂಗ್ ಲೈಬ್ರರಿಯ ವೇಟ್‌ಫಾರ್ ಜೆಸ್ಟ್‌ನ ನಕಲಿ ಗಡಿಯಾರವನ್ನು ಗುರುತಿಸಿ ತಾನೇ ಮುಂದೆ ತಳ್ಳುತ್ತದೆ. ಆದರೆ ಅದು ಹುಡುಕುವುದು ಜೆಸ್ಟ್ ಎಂಬ ಗ್ಲೋಬಲ್ ಹೆಸರನ್ನು. ವೈಟೆಸ್ಟ್‌ನಲ್ಲಿ ಆ ಹೆಸರಿಲ್ಲ, ಹಾಗಾಗಿ ವೇಟ್‌ಫಾರ್ ಅಲ್ಲೇ ನಿಂತು ಟೈಮೌಟ್ ಆಗುತ್ತದೆ. ಯೂಸರ್‌ಈವೆಂಟ್ (ಕ್ಲಿಕ್, ಟೈಪ್ ಮಾಡುವುದನ್ನು ಅನುಕರಿಸುವ ಲೈಬ್ರರಿ) ಬಳಸುವವರು ಅದರ ಸೆಟಪ್‌ನಲ್ಲಿ ಅಡ್ವಾನ್ಸ್‌ಟೈಮರ್ಸ್ ಕೊಡಲು ಮರೆತರೆ ಕ್ಲಿಕ್ ಕೂಡ ನೇತಾಡುತ್ತದೆ.

ಕೊನೆಯದು ಬಹಳ ಸಲ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಟೈಮೌಟ್‌ಗಳೂ ಸೆಟ್‌ಟೈಮೌಟ್ ಮೂಲಕ ಹೋಗುವುದಿಲ್ಲ. ಅಬಾರ್ಟ್‌ಸಿಗ್ನಲ್ ಡಾಟ್ ಟೈಮೌಟ್ ತನ್ನದೇ ಒಳಗಿನ ಗಡಿಯಾರ ಬಳಸುತ್ತದೆ. ರಿಕ್ವೆಸ್ಟ್ ಕಳಿಸುವ ಲೈಬ್ರರಿ ಆಕ್ಸಿಯೋಸ್‌ನ ಟೈಮೌಟ್, ಬ್ರೌಸರ್‌ನಲ್ಲಿ, ಫೆಚ್‌ಗಿಂತ ಹಳೆಯ ವಿಧಾನವಾದ ಎಕ್ಸ್‌ಎಚ್‌ಆರ್‌ನ ಸ್ವಂತ ಟೈಮೌಟ್ ಮೇಲೆ ನಿಂತಿದೆ. ನಕಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿದರೂ ಇವು ಅಲುಗುವುದಿಲ್ಲ. ಅಂಥ ಕಡೆ ಟೈಮೌಟ್ ಎಷ್ಟು ಎಂಬುದನ್ನು ಕಾನ್ಫಿಗ್‌ನಿಂದ ಓದುವಂತೆ ಮಾಡಿ, ಟೆಸ್ಟ್‌ನಲ್ಲಿ ಅದನ್ನು 50 ಮಿಲಿಸೆಕೆಂಡಿಗೆ ಇಳಿಸುವುದೇ ಲೇಸು. ಚಿಲಕ ಮುಚ್ಚಿಯೇ ಇರುವುದರಿಂದ ಇಲ್ಲಿ ಓಟದ ಸ್ಪರ್ಧೆ ಇಲ್ಲ.

ಬರದ ಉತ್ತರ, ಕೆಟ್ಟ ಉತ್ತರ, ಅರ್ಧ ಬಂದ ಉತ್ತರ

ಉತ್ತರ ಬರದೇ ಇರುವುದು ಬೇರೆ, ಸಂಪರ್ಕ ಕಡಿದುಹೋಗುವುದು ಬೇರೆ. ಮೊದಲನೆಯದಕ್ಕೆ ಚಿಲಕ ತೆರೆಯದೇ ಬಿಟ್ಟರಾಯಿತು. ಎಂಎಸ್‌ಡಬ್ಲ್ಯೂನಲ್ಲಿ ಡಿಲೇಗೆ ಇನ್‌ಫಿನಿಟ್ ಎಂದು ಕೊಟ್ಟರೂ ಅದೇ. ಎರಡನೆಯದಕ್ಕೆ ಸೈಪ್ರೆಸ್‌ನಲ್ಲಿ ಫೋರ್ಸ್‌ನೆಟ್‌ವರ್ಕ್‌ಎರರ್, ಪ್ಲೇರೈಟ್‌ನಲ್ಲಿ ರೂಟ್ ಡಾಟ್ ಅಬಾರ್ಟ್ ಇವೆ.

ಅರ್ಧ ಬಂದ ಉತ್ತರ ಹೆಚ್ಚು ಕುತೂಹಲದ್ದು. ಫೆಚ್‌ನ ಪ್ರಾಮಿಸ್ ರಿಸಾಲ್ವ್ ಆಗುವುದು ಹೆಡರ್‌ಗಳು ಬಂದಾಗ. ಬಾಡಿ ಆಮೇಲೆ ಬರುತ್ತದೆ. ಸ್ಪಿನ್ನರ್ ಅನ್ನು ಫೆಚ್ ಮುಗಿದ ಕೂಡಲೇ ತೆಗೆದು, ಜೇಸನ್ ಓದುವುದಕ್ಕೆ ಕಾಯದ ಕೋಡ್‌ನಲ್ಲಿ ನಡುವೆ ಒಂದು ಖಾಲಿ ಸ್ಕ್ರೀನ್ ಮಿಂಚಿ ಹೋಗುತ್ತದೆ. ಸಾಮಾನ್ಯ ಸ್ಟಬ್‌ನಲ್ಲಿ ಎರಡೂ ಒಟ್ಟಿಗೇ ಬರುವುದರಿಂದ ಇದು ಕಾಣುವುದಿಲ್ಲ. ಪ್ಲೇರೈಟ್‌ನ ಫುಲ್‌ಫಿಲ್ ಇಡೀ ಬಾಡಿಯನ್ನು ಒಂದೇ ಸಲ ಕಳಿಸುತ್ತದೆ, ತುಂಡು ತುಂಡಾಗಿ ಕಳಿಸಲು ಬರುವುದಿಲ್ಲ. ಇದಕ್ಕೆ ಎಂಎಸ್‌ಡಬ್ಲ್ಯೂನಲ್ಲಿ ರೀಡೆಬಲ್‌ಸ್ಟ್ರೀಮ್ ಅನ್ನೇ ಬಾಡಿಯಾಗಿ ಕೊಟ್ಟು, ಪ್ರತಿ ತುಂಡಿನ ನಡುವೆ ಒಂದು ಚಿಲಕ ಇಡಿ. ಬ್ರೌಸರ್ ಟೆಸ್ಟ್ ಆದರೆ ಟೆಸ್ಟ್‌ನೊಳಗೇ ಒಂದು ಪುಟ್ಟ ನೋಡ್ ಸರ್ವರ್ ಎಬ್ಬಿಸಿ, ಸ್ವಲ್ಪ ಬರೆದು, ಚಿಲಕಕ್ಕೆ ಕಾದು, ಉಳಿದದ್ದು ಬರೆದು ಮುಗಿಸಿ. ಅಕ್ಷರ ಅಕ್ಷರವಾಗಿ ಉತ್ತರ ಹರಿದು ಬರುವ ಚಾಟ್ ಸ್ಕ್ರೀನ್‌ಗಳಿಗೆ ಬೇರೆ ದಾರಿ ಕಷ್ಟ.

ಚಿಲಕ ಮರೆತು ಹೋಗದಿರಲು

ತೆರೆಯದೆ ಬಿಟ್ಟ ಚಿಲಕ ಮುಂದಿನ ಟೆಸ್ಟ್‌ಗೆ ಸೋರುತ್ತದೆ. ಹಾಗಾಗಿ ಮಾಡಿದ ಚಿಲಕಗಳೆಲ್ಲ ಒಂದು ಪಟ್ಟಿಯಲ್ಲಿರಲಿ, ಪ್ರತಿ ಟೆಸ್ಟ್ ಮುಗಿದ ಮೇಲೆ ಆಫ್ಟರ್‌ಈಚ್‌ನಲ್ಲಿ ಎಲ್ಲವನ್ನೂ ತೆರೆದುಬಿಡಿ. ಎಂಎಸ್‌ಡಬ್ಲ್ಯೂನಲ್ಲಿ ರೀಸೆಟ್‌ಹ್ಯಾಂಡ್ಲರ್ಸ್, ಪ್ಲೇರೈಟ್‌ನಲ್ಲಿ ಅನ್‌ರೂಟ್‌ಆಲ್ ಅದೇ ಜಾಗಕ್ಕೆ ಸೇರುತ್ತವೆ.

ಸ್ಟಬ್‌ಗೆ ರಿಕ್ವೆಸ್ಟ್ ಬರುತ್ತಲೇ ಇಲ್ಲ ಎನಿಸಿದರೆ ಸರ್ವಿಸ್ ವರ್ಕರ್ (ಪುಟ ಮತ್ತು ನೆಟ್‌ವರ್ಕ್ ನಡುವೆ ಕೂತು ರಿಕ್ವೆಸ್ಟ್ ನಿಭಾಯಿಸುವ ಹಿನ್ನೆಲೆಯ ಸ್ಕ್ರಿಪ್ಟ್) ಮೇಲೆ ಅನುಮಾನ ಪಡಿ. ಅದು ಕೈಗೆತ್ತಿಕೊಂಡ ರಿಕ್ವೆಸ್ಟ್ ಪ್ಲೇರೈಟ್‌ನ ಪೇಜ್ ಡಾಟ್ ರೂಟ್‌ಗೆ ಕಾಣುವುದಿಲ್ಲ. ಟೆಸ್ಟ್‌ನ ಸೆಟ್ಟಿಂಗ್‌ನಲ್ಲಿ ಸರ್ವಿಸ್ ವರ್ಕರ್‌ಗಳನ್ನು ಬ್ಲಾಕ್ ಮಾಡಿ ನೋಡಿ.

ಪ್ರತಿ ಚಿಲಕಕ್ಕೂ ಒಂದು ಹೆಸರು ಕೊಡಿ, ಜೊತೆಗೆ ಒಂದು ಕೊನೆಯ ಗಡುವು ಇಡಿ. ಆ ಗಡುವು ಟೆಸ್ಟ್‌ನ ಒಟ್ಟು ಗಡುವಿಗಿಂತ ಸ್ವಲ್ಪ ಕಡಿಮೆ ಇರಲಿ. ಪ್ಲೇರೈಟ್‌ನಲ್ಲಿ ಒಟ್ಟು 30 ಸೆಕೆಂಡ್ ಇದ್ದರೆ ಚಿಲಕಕ್ಕೆ 20 ಸಾಕು. ನಕಲಿ ಗಡಿಯಾರ ಕಟ್ಟುವ ಟೆಸ್ಟ್‌ಗಳಿಗಾಗಿ, ನಿಜವಾದ ಸೆಟ್‌ಟೈಮೌಟ್ ಅನ್ನು ಮೊದಲೇ ಒಂದು ವೇರಿಯಬಲ್‌ನಲ್ಲಿ ಎತ್ತಿಟ್ಟುಕೊಂಡು ಅದರಿಂದಲೇ ಈ ಗಡುವನ್ನು ಎಣಿಸಿ. ಆಗ ಟೆಸ್ಟ್ ಬಿದ್ದರೆ, "ಟೆಸ್ಟ್ ಟೈಮೌಟ್ ಆಯಿತು" ಎಂಬ ಬಾಯಿಲ್ಲದ ಸಂದೇಶದ ಬದಲು, "ಹುಡುಕು-ಮರ ಚಿಲಕಕ್ಕೆ ರಿಕ್ವೆಸ್ಟ್ ಬಂತು, ಯಾರೂ ತೆರೆಯಲಿಲ್ಲ" ಅಥವಾ "ಹುಡುಕು-ಮರ ಚಿಲಕಕ್ಕೆ ರಿಕ್ವೆಸ್ಟೇ ಬರಲಿಲ್ಲ" ಎಂದು ಸಿಐ ಲಾಗ್‌ನಲ್ಲಿ ಸಿಗುತ್ತದೆ. ಮೊದಲನೆಯದಾದರೆ ಟೆಸ್ಟ್ ಕೋಡ್ ತೆರೆಯಿರಿ, ಎರಡನೆಯದಾದರೆ ಅಪ್ಲಿಕೇಶನ್ ಕೋಡ್.